ಎರಡು ಗ್ರೀಸ್ ಗನ್ನು, ಒಂದು ಹೆರಾಲ್ಡು

"ಕೇಜಿ ಲೆಕ್ಕದಾಗ ಕೊಡ್ತೀನ್ರೀ ಸರ. ಎಂಟನೂರು ಕೇಜಿ ಹಿಡೀರಿ. ಸೀಟು, ಗ್ಲಾಸು ಲೆಕ್ಕಕ್ಕ ಬರೂದಿಲ್ಲ ಮತ್ತ."

ಮೊನ್ನೆ ಭಾನುವಾರ ಬೆಳಿಗ್ಗೆ ಮೋಡ್ಕಾ ಸಾಮಾನಿನವನು ನಮ್ಮ ಶೆಡ್ಡಿನ ಮುಂದೆ ನಿಂತು ಹೀಗಂದಾಗ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬದಲಿಗೆ, ಅಬ್ಬಾ ಎಷ್ಟು ಸರಿಯಾಗಿ ತೂಕ ಹೇಳಿದನಲ್ಲ ಅಂತ ಆಶ್ಚರ್ಯವಾಯ್ತು. ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ತೂಕ ಹತ್ತಿರ ಹತ್ತಿರ ಅಷ್ಟೇ. ಅವನು ಕಾರನ್ನು ಮುಟ್ಟಿರಲೂ ಇಲ್ಲ, ಸುಮ್ಮನೆ ಒಂದು ಸುತ್ತು ಹಾಕಿ ನೋಡಿದ್ದ.

ಅವನನ್ನು ಕಳಿಸಿದ್ದು ಪುಣೆಯಲ್ಲಿರುವ ನನ್ನ ತಮ್ಮ. ಅವನ ತಪ್ಪೇನಿಲ್ಲ ಬಿಡಿ. ಕೆಲಗೇರಿಯ ಈ ಜಾಗದಲ್ಲಿ ಅರ್ಧ ಅವನದು, ಶೆಡ್ಡು ನಿಂತಿರೋದು ಅವನ ಅರ್ಧದಲ್ಲಿ. ಅವನಿಗೆ ಮನೆ ಕಟ್ಟಬೇಕಾಗಿದೆ. "ಅಣ್ಣಾ, ದೀಪಾವಳಿಯೊಳಗ ಏನರ ಮಾಡು" ಅಂತ ಎರಡು ವರ್ಷದಿಂದ ಹೇಳ್ತಾ ಇದ್ದಾನೆ. ಎರಡೂ ದೀಪಾವಳಿ ಹೋದವು.

ಕಾರಿನ ಬಗ್ಗೆ ಸ್ವಲ್ಪ ಹೇಳಿಬಿಡ್ತೀನಿ, ಯಾಕಂದ್ರೆ ಹೆರಾಲ್ಡ್ ಅಂದ್ರೆ ಈಗಿನವರು ಪೇಪರಿನ ಹೆಸರು ಅಂದ್ಕೋತಾರೆ. ಅಂಬಾಸಿಡರ್ ಎಲ್ಲರಿಗೂ ಗೊತ್ತು. ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರು, ಕಲ್ಕತ್ತದ ಹತ್ತಿರ ಉತ್ತರಪಾರಾದಲ್ಲಿ ತಯಾರಾಗಿ, ಮಂತ್ರಿಗಳನ್ನೂ ಮದುಮಕ್ಕಳನ್ನೂ ಹೊತ್ತು ತಿರುಗಿ, 2014ರ ಮೇ ತಿಂಗಳಲ್ಲಿ ನಿಂತುಹೋಯ್ತು. ನಿಂತಾಗ ದೇಶವೆಲ್ಲ ಕಣ್ಣೀರು ಹಾಕಿತು. ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯೆಟ್, ಅದಕ್ಕೂ ಅಭಿಮಾನಿಗಳಿದ್ದಾರೆ. ಈ ಎರಡರ ನಡುವೆ ಮೂರನೆಯದೊಂದಿತ್ತು. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿಯವರು 1961ರಿಂದ ಮಾಡುತ್ತಿದ್ದ ಹೆರಾಲ್ಡ್. ಮೂಲದಲ್ಲಿ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್, ಅಲ್ಲಿ 1959ರಲ್ಲಿ ಬಂದದ್ದು. ಚಂದ ಬಿಡಿಸಿದವನು ಮಾತ್ರ ಇಟಲಿಯ ಮಿಕೆಲೊಟ್ಟಿ. ಮೂರು ಜನ ಅಣ್ಣತಮ್ಮಂದಿರಲ್ಲಿ ಯಾರೂ ಕೇಳದ ನಡುವಿನವನಂತೆ ಇದರ ಗತಿ. ಫಿಯೆಟ್ ಬೇಕು ಅಂದ್ರೆ ವರ್ಷಗಟ್ಟಲೆ ಪಾಳಿ ಕಾಯಬೇಕಿದ್ದ ಕಾಲದಲ್ಲಿ, ಅಷ್ಟು ಕಾಯಲಾರದವರು ಇದನ್ನು ತಗೊಂಡರು ಅಂತ ಅಪ್ಪ ನಗ್ತಿದ್ದರು. ಅಪ್ಪ ಅದನ್ನೂ ಹೊಸದು ತಗೊಂಡವರಲ್ಲ. 1964ರ ಮಾಡೆಲ್ಲು, ಎರಡೇ ಬಾಗಿಲಿನದು, 1975ರಲ್ಲಿ ಮೂರನೇ ಮಾಲೀಕರಾಗಿ ಕೊಂಡಿದ್ದು. ನನಗಾಗ ಎರಡು ವರ್ಷ.

ಈ ಕಾರು ಹುಟ್ಟಿದ ಕಥೆ ನನಗೆ ಬಹಳ ಇಷ್ಟ. ಇಂಗ್ಲೆಂಡಿನ ಆ ಕಂಪನಿಗೆ ಬಾಡಿ ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನು ಎದುರಾಳಿ ಕಂಪನಿ ಕೊಂಡುಬಿಟ್ಟಿತಂತೆ. ಆಗ ಬೇರೆಯವರೆಲ್ಲ ಚಾಸಿ ಬಿಟ್ಟು ಇಡೀ ಬಾಡಿಯನ್ನೇ ಒಂದು ಡಬ್ಬಿಯಂತೆ ಬೆಸೆಯುವ ಹೊಸ ಪದ್ಧತಿಗೆ ಹೋಗುತ್ತಿದ್ದರು. ಇವರಿಗೆ ಹಾಗೆ ದೊಡ್ಡ ಬಾಡಿ ಮಾಡಿಕೊಡೋರು ಇಲ್ಲ. ಹಾಗಾಗಿ ಹಳೇ ಕಾಲದ ಚಾಸಿ ಇಟ್ಟುಕೊಂಡು, ಬಾಡಿಯ ತುಂಡುಗಳನ್ನು ಬೇರೆ ಬೇರೆ ಕಡೆ ಮಾಡಿಸಿ ತಂದು ಬೋಲ್ಟು ಹಾಕಿ ಜೋಡಿಸಿದರು. ಗತಿಯಿಲ್ಲದೆ ಮಾಡಿದ್ದು! ಆದರೆ ಅದೇ ಕಾರಣಕ್ಕೆ ಮದರಾಸಿನಂಥ ಕಡೆ ಜೋಡಿಸೋಕೆ ಇದು ಹೇಳಿ ಮಾಡಿಸಿದಂತಾಯ್ತು. ಅದೇ ಕಾರಣಕ್ಕೆ ಅರವತ್ತು ವರ್ಷದ ಮೇಲೆ ನಾನು ಕೆಲಗೇರಿಯ ತಗಡಿನ ಶೆಡ್ಡಿನಲ್ಲಿ 7/16 ಮತ್ತು 1/2 ಇಂಚಿನ ಎರಡು ಪಾನಾ ಹಿಡಿದು ಅದರ ಅರ್ಧ ಭಾಗ ಬಿಚ್ಚಿಡಬಲ್ಲೆ. ಕೂಡಿಸೋದು ಬೇರೆ ವಿಷಯ :)

ಬಾನೆಟ್ಟಿನ ಬಗ್ಗೆ ಹೇಳದಿದ್ದರೆ ಆಗೋದಿಲ್ಲ. ಮಡ್‌ಗಾರ್ಡು, ಹೆಡ್‌ಲೈಟು ಎಲ್ಲ ಸೇರಿ ಇಡೀ ಮೂತಿಯೇ ಮುಂದಕ್ಕೆ ಎದ್ದು ಬಾಗುತ್ತದೆ. ಮುಂದಿನ ಟೈರಿನ ಮೇಲೆ ಮಣೆ ಮೇಲೆ ಕೂತ ಹಾಗೆ ಕೂತು ಇಂಜಿನ್ ಕೆಲಸ ಮಾಡಬಹುದು. 948 ಸಿಸಿ, ನಾಲ್ಕು ಸಿಲಿಂಡರ್. ಎಲ್ಲವೂ ಕಣ್ಣಿಗೆ ಕಾಣುತ್ತದೆ, ಎಲ್ಲಕ್ಕೂ ಕೈ ಹೋಗುತ್ತದೆ. ಈಗಿನ ನನ್ನ ಕಾರಿನ ಬಾನೆಟ್ ಎತ್ತಿದರೆ ಒಂದು ಕರೀ ಪ್ಲಾಸ್ಟಿಕ್ ಮುಚ್ಚಳ. 'ನಿನಗ್ಯಾಕೆ ಬೇಕು' ಅಂತ ಅದು ನನ್ನ ಮುಖ ನೋಡಿದಂತೆ ಅನಿಸುತ್ತದೆ.

ಇನ್ನೊಂದು, ಅದು ತಿರುಗುವ ಪರಿ. 25 ಅಡಿಯ ಸುತ್ತಿನಲ್ಲಿ ತಿರುಗಿ ನಿಲ್ಲುತ್ತದೆ, ಲಂಡನ್ನಿನ ಕರೀ ಟ್ಯಾಕ್ಸಿಯಷ್ಟೇ. ಲೈನ್ ಬಜಾರಿನಲ್ಲಿ ಪೇಡೆ ಕೊಂಡು ಅಪ್ಪ ಒಂದೇ ಉಸಿರಿಗೆ ಕಾರು ತಿರುಗಿಸಿದಾಗ, ಹಿಂದೆ ಅಂಬಾಸಿಡರಿನವನು ಹಿಂದೆ ಮುಂದೆ ಮಾಡುತ್ತ ಬೆವರೊರೆಸಿಕೊಳ್ಳುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಬಡವರ ಹೆಮ್ಮೆ ಅಂದ್ರೆ ಅದು.

ಹಾಗಂತ ಬಹಳ ಒಳ್ಳೇ ಕಾರು ಅಂತಲ್ಲ. ಸುಳ್ಳು ಯಾಕೆ ಹೇಳಲಿ. ನಾಲ್ಕೂ ಕಡೆ ಡ್ರಮ್ ಬ್ರೇಕು. ನಿಲ್ಲಿಸಬೇಕು ಅಂತ ಮೊದಲೇ ಯೋಚನೆ ಮಾಡಿಟ್ಟುಕೊಂಡಿರಬೇಕು. ಫಸ್ಟ್ ಗೇರಿಗೆ ಸಿಂಕ್ರೋಮೆಶ್ ಇಲ್ಲ, ಗಾಡಿ ಪೂರ್ತಿ ನಿಲ್ಲದೆ ಹಾಕಿದರೆ ಓಣಿಗೆಲ್ಲ ಕೇಳುವಂತೆ ಕಿರುಚುತ್ತದೆ. ಹಿಂದಿನ ಗಾಲಿಗಳು ಒಂದೊಂದೂ ಬೇರೆ ಬೇರೆ ತೂಗಾಡುವ ಸ್ವಿಂಗ್ ಆಕ್ಸಲ್ಲು. ಜೋರಾಗಿ ಬಂದು ತಿರುವಿನಲ್ಲಿ ಗಾಬರಿಯಾಗಿ ಬ್ರೇಕ್ ಒತ್ತಿದರೆ ಹಿಂದಿನ ಗಾಲಿ ಒಳಗೆ ಮಡಚಿಕೊಂಡು ಕಾರು ಹಿಂದೆ ಮುಂದಾಗುತ್ತದೆ. ಜಾಕ್ ಹಚ್ಚಿ ಎತ್ತಿದಾಗ ನೋಡಬೇಕು, ಕಾಲು ಹಿಡಿದೆತ್ತಿದ ಕೋಳಿಯಂತೆ ಗಾಲಿಗಳು ಒಳಗೆ ಹೋಗಿರುತ್ತವೆ. ಹಿಂದೆ ಎರಡು ಚೀಲ ಜೋಳ ಹೇರಿದರೆ ಮಾತ್ರ ನೆಟ್ಟಗೆ ನಿಲ್ಲುತ್ತಿತ್ತು. ಕಂಪನಿಯವರೂ ಈ ಸ್ವಿಂಗ್ ಆಕ್ಸಲ್ಲಿನ ಸಹವಾಸ ಸಾಕೆಂದು 1972ರ ಗೆಝೆಲ್ ಕಾರಿನಲ್ಲಿ ಅದನ್ನು ತೆಗೆದುಹಾಕಿದರು. ಗೆಝೆಲ್ 1977ಕ್ಕೆ ನಿಂತಿತು. ಆಮೇಲೆ 1985ರಲ್ಲಿ ರೋವರ್ ಕಾರಿನ ಚಂದದ ಮೈಗೆ ಹಳೇ ವ್ಯಾನ್‌ಗಾರ್ಡ್ ಇಂಜಿನ್ನನ್ನೇ ಕೂಡಿಸಿ ಸ್ಟ್ಯಾಂಡರ್ಡ್ 2000 ಅಂತ ತಂದರು. ಪಕ್ಕದಲ್ಲಿ ಮಾರುತಿ ಓಡುತ್ತಿದ್ದ ಕಾಲ ಅದು, ಯಾರು ತಗೋತಾರೆ? ಮೂರು ವರ್ಷಕ್ಕೆ ಆ ಕಥೆಯೂ ಮುಗಿಯಿತು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರ್ತೀನಿ. ಬರೆಯೋಕೆ ಕೂತದ್ದೇ ಇದಕ್ಕೆ.

ಅಪ್ಪನ ಹತ್ತಿರ ಎರಡು ಗ್ರೀಸ್ ಗನ್ ಇದ್ದವು. 2009ರಲ್ಲಿ ಅವರು ಹೋದಮೇಲೆ ಶೆಡ್ಡು ನನ್ನ ಕೈಗೆ ಬಂತು. ಒಂದು ಗನ್ ಚೆನ್ನಾಗಿತ್ತು. ಇನ್ನೊಂದರಿಂದ ಎಣ್ಣೆ ಸೋರಿ ಗೂಡೆಲ್ಲ ಜಿಡ್ಡಾಗಿತ್ತು. ಇದು ಕೆಟ್ಟಿದೆ ಅಂತ ಎತ್ತಿ ಬಿಸಾಕಿದೆ. ಚೆನ್ನಾಗಿದ್ದ ಗನ್ನಿನಿಂದ ಎಲ್ಲ ಕಡೆಗೂ ಶ್ರದ್ಧೆಯಿಂದ ಗ್ರೀಸ್ ಹೊಡೆದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ದಸರಾ ಪೂಜೆಗೆ ಮುಂಚೆ ಒಮ್ಮೆ. ಅಪ್ಪ ಇದ್ದಿದ್ದರೆ ಮೆಚ್ಚುತ್ತಿದ್ದರು ಅಂತ ಒಳಗೊಳಗೇ ಖುಷಿ ಬೇರೆ.

ಹೆರಾಲ್ಡಿನ ಮುಂದಿನ ಗಾಲಿಗಳ ಕೆಳಗೆ ಟ್ರನಿಯನ್ ಅಂತ ಒಂದು ಹಿತ್ತಾಳೆಯ ತುಂಡು ಇರುತ್ತದೆ. ಗಾಲಿಯನ್ನು ಹಿಡಿದ ಉಕ್ಕಿನ ಕಂಬ ಅದರೊಳಗೆ ಸ್ಕ್ರೂ ಥರ ಕೂತಿರುತ್ತದೆ. ಸ್ಟೇರಿಂಗ್ ತಿರುಗಿಸಿದಾಗೆಲ್ಲ ಆ ಮರೆಯ ಮೇಲೇ ತಿರುಗುತ್ತದೆ. ಅದಕ್ಕೆ ಗ್ರೀಸ್ ಹಾಕಬಾರದು. ಗೇರ್ ಎಣ್ಣೆ, ತೊಂಬತ್ತು ನಂಬರಿನದು, ಹಾಕಬೇಕು. ಗ್ರೀಸು ಮರೆಯ ತುದಿಯವರೆಗೆ ಇಳಿಯುವುದಿಲ್ಲ. ಇಳಿಯದ ಜಾಗದಲ್ಲಿ ನೀರು ಸೇರಿ, ಉಕ್ಕು ಹೊರಗೆ ಕಾಣದ ಹಾಗೆ ಒಳಗಿಂದೊಳಗೇ ತುಕ್ಕು ಹಿಡಿದು ತೆಳ್ಳಗಾಗುತ್ತದೆ. ಧಾರವಾಡದ ಜಿಟಿಜಿಟಿ ಮಳೆ ನಿಮಗೆ ಗೊತ್ತಲ್ಲ, ಹಿಡಿದರೆ ಬಿಡೋದಲ್ಲ ಅದು. ಸೋರುತ್ತಿದ್ದ ಎರಡನೇ ಗನ್ನು ಕೆಟ್ಟಿರಲಿಲ್ಲ. ಅದರಲ್ಲಿ ಇದ್ದದ್ದೇ ಎಣ್ಣೆ.

2014ರ ಜುಲೈ. ಅವ್ವನನ್ನು ಕೂರಿಸಿಕೊಂಡು ಊರೊಳಗಿಂದ ಬರ್ತಾ ಇದ್ದೆ. ಕೆಲಗೇರಿ ಕೆರೆ ಹತ್ತಿರ ಬಲಕ್ಕೆ ತಿರುಗಿಸಿದೆ, ಸ್ಪೀಡೇನೂ ಇಲ್ಲ, ಸೈಕಲ್ಲಿನವನು ಮುಂದೆ ಹೋಗುವಷ್ಟು. ಟಪ್ ಅಂತ ಸದ್ದು. ಎಡಗಡೆ ಗಾಲಿ ಕಿತ್ತು ಒಳಗೆ ಮಡಚಿಕೊಂಡು ಕಾರಿನ ಮೂತಿ ರಸ್ತೆಗೆ ಕುಸಿಯಿತು. ಅವ್ವನ ಹಣೆ ಡ್ಯಾಶ್‌ಬೋರ್ಡಿಗೆ ತಗುಲಿ ಮೂರು ಹೊಲಿಗೆ. ಇದೇ ಗಾಲಿ ಅಣಮೋಡ ಘಾಟಿನಲ್ಲಿ ಮುರಿದಿದ್ದರೆ? ನಮ್ಮ ಮನೆ ಮುಂದಿನ ರಸ್ತೆ ಹಿಡಿದೇ ನಾವು ಎಷ್ಟೋ ಸಲ ಗೋವಾಕ್ಕೆ ಹೋಗಿಬಂದಿದ್ದೆವು. ತಮ್ಮ ಪ್ರತಿ ಸಲವೂ ಆ ಘಾಟಿನಲ್ಲೇ ವಾಂತಿ ಮಾಡುತ್ತಿದ್ದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹುಬ್ಬಳ್ಳಿಯಿಂದ ಬಂದ ಮಿಸ್ತ್ರಿ ಚಾಚಾ, ಅಪ್ಪನ ಕಾಲದವರು, ಮುರಿದ ತುಂಡನ್ನು ಕೈಯಲ್ಲಿ ಹಿಡಿದು ಬೆರಳಿನಿಂದ ಗ್ರೀಸ್ ಒರೆಸಿ ನೋಡಿದರು. "ಅಪ್ಪಾರು ಎಣ್ಣಿ ಹಾಕ್ತಿದ್ರಲ್ರೀ" ಅಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಹೊಸ ತುಂಡು ಇಂಗ್ಲೆಂಡಿನಿಂದ ತರಿಸಿದೆ. ಅಲ್ಲಿ ಈ ಕಾರಿನ ಹುಚ್ಚರು ಇನ್ನೂ ಇದ್ದಾರೆ, ಅವರಿಗಾಗಿ ಬಿಡಿಭಾಗ ಹೊಸದಾಗಿ ಮಾಡುವವರೂ ಇದ್ದಾರೆ. ಕಸ್ಟಮ್ಸು ಸೇರಿ ಬಂದ ಬಿಲ್ಲು ಮನೆಯಲ್ಲಿ ಯಾರಿಗೂ ತೋರಿಸಿಲ್ಲ. ಕಾರು ಮತ್ತೆ ಓಡಿತು. ಅವ್ವ ಮತ್ತೆ ಕೂರಲಿಲ್ಲ. ನಾನೂ ಕೂರು ಅನ್ನಲಿಲ್ಲ.

ಇಂಥದ್ದನ್ನು ಯಾಕೆ ಇಟ್ಟುಕೊಳ್ಳಬೇಕು ಅಂತ ತಮ್ಮ ಕೇಳೋದು ನ್ಯಾಯವೇ. ಮೈಸೂರು ಅರಮನೆಯ ರೋಲ್ಸ್ ರಾಯ್ಸ್ ಆಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಧರ್ಮಸ್ಥಳದ ಕಾರ್ ಮ್ಯೂಸಿಯಮ್ಮಿನಲ್ಲಿ ಜನ ದೊಡ್ಡ ಕಾರುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳೋದು ನೋಡಿದ್ದೀನಿ. ರಾಜರ ಕಾರು ತನ್ನಷ್ಟಕ್ಕೆ ತಾನೇ ಉಳಿಯುತ್ತದೆ, ಅದಕ್ಕೆ ಬೆಲೆ ಇದೆ. ಸಂಬಳದವರ ಕಾರಿಗೆ ಯಾರಿದ್ದಾರೆ? 'ಬ್ರಿಟಿಷ್ ಕಾರು' ಅಂತ ಮೆರೆಯೋಕೂ ಅಲ್ಲ ಇದು. ನನಗೆ ಇದು ಮದರಾಸಿನ ಕಾರು, ಹುಬ್ಬಳ್ಳಿಯ ಮಿಸ್ತ್ರಿಗಳ ಕೈಯಲ್ಲಿ ಅರ್ಧಕ್ಕರ್ಧ ಮತ್ತೆ ಹುಟ್ಟಿದ್ದು. ಯಾವುದೋ ಟ್ರ್ಯಾಕ್ಟರಿನ ವಾಷರು, ಯಾವುದೋ ಜೀಪಿನ ಬುಷ್ಷು ಇದರ ಹೊಟ್ಟೆಯಲ್ಲಿದೆ.

ಕಾಲವೂ ಇದರ ಪರವಾಗಿಲ್ಲ. 2000ದಲ್ಲಿ ಸೀಸದ ಪೆಟ್ರೋಲ್ ಹೋಯ್ತು, ವಾಲ್ವ್ ಸೀಟು ಬದಲಿಸಬೇಕಾಯ್ತು. ಈಗ ಬಂಕಿನಲ್ಲಿ ಸಿಗೋದು ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆತದ್ದು. ಅದು ಹಳೇ ರಬ್ಬರ್ ಪೈಪನ್ನೂ ಪಂಪಿನೊಳಗಿನ ಡಯಾಫ್ರಮ್ಮನ್ನೂ ತಿನ್ನುತ್ತದೆ. ಎರಡನ್ನೂ ಹೊಸ ಥರದ ರಬ್ಬರಿಗೆ ಬದಲಿಸಿದೆ. ಹದಿನೈದು ವರ್ಷ ದಾಟಿದ ಕಾರಿನ ರಿಜಿಸ್ಟ್ರೇಶನ್ ನವೀಕರಣ 2022ರಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಐವತ್ತು ವರ್ಷ ದಾಟಿದ್ದನ್ನು ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಬಹುದು ಅಂತ 2021ರಲ್ಲಿ ನಿಯಮ ಬಂತು. 20,000 ಶುಲ್ಕ, ಹತ್ತು ವರ್ಷಕ್ಕೆ. ಆದರೆ ಹಾಗೆ ಮಾಡಿಸಿದರೆ ದಿನಬಳಕೆಗೆ ಓಡಿಸುವಂತಿಲ್ಲ, ಪ್ರದರ್ಶನ, ರ್‍ಯಾಲಿ ಅಂತ ಇದ್ದಾಗ ಮಾತ್ರ. ಎಮ್‌ವೈ ಅಂತ ಶುರುವಾಗುವ ಮೈಸೂರು ರಾಜ್ಯದ ನಂಬರನ್ನು ಉಳಿಸಿಕೊಳ್ಳಬಹುದು, ಆದರೂ ನನಗೆ ಮನಸ್ಸಾಗಿಲ್ಲ. ಲೈನ್ ಬಜಾರಿಗೆ ಹೋಗದ ಹೆರಾಲ್ಡ್ ತಗೊಂಡು ನಾನೇನು ಮಾಡಲಿ?

ಚಾಚಾಗೆ ಈಗ ಕಣ್ಣು ಸರಿಯಾಗಿ ಕಾಣೋದಿಲ್ಲ. ಮಕ್ಕಳು ಯಾರೂ ಈ ಕೆಲಸಕ್ಕೆ ಬರಲಿಲ್ಲ. ಕಳೆದ ವರ್ಷ ಕಾರ್ಬೊರೇಟರ್ ಬಿಚ್ಚಿದಾಗ ಅವರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಕಿವಿಯಿಂದಲೇ ಹೇಳುತ್ತಿದ್ದರು, "ಇನ್ನ ಕಾಲು ಸುತ್ತು ಬಿಡ್ರಿ... ಹಾಂ, ಸಾಕು."

ಮೋಡ್ಕಾದವನ ಕಥೆ ಅರ್ಧಕ್ಕೆ ಬಿಟ್ಟೆ. ನಾನು ಹೂಂ ಅನ್ನದೆ ಉಹೂಂ ಅನ್ನದೆ ನಿಂತಿದ್ದೆ. ನಿಜ ಹೇಳಬೇಕಂದ್ರೆ ಮಾರಿಬಿಡೋಣ ಅಂತಲೇ ಅನಿಸಿತ್ತು ಆ ಕ್ಷಣ. ಅಷ್ಟರಲ್ಲಿ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಎಪ್ಪತ್ತೆಂಟು ಈಗ.

"ಯಾಕಪಾ, ಏನು ತೂಕ ಹಾಕಾಕತ್ತೀ? ಅದು ಮೋಡ್ಕಾ ಅಲ್ಲ, ನಡೀತೈತಿ."

ಅವನು ನಕ್ಕ. "ನಡೀತೈತೇನ್ರೀ ಅಮ್ಮಾರ?"

"ಹೋಗು, ತೋರ್ಸು ಅವಂಗ," ಅಂದಳು ನನಗೆ. ಅಂದವಳು ಅಲ್ಲೇ ನಿಲ್ಲಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಎಡಗಡೆ ಬಾಗಿಲ ಹತ್ತಿರ ಬಂದು ಹಿಡಿಕೆಗೆ ಕೈ ಹಚ್ಚಿದಳು. ಹಚ್ಚಿ, ಹತ್ತದೇ ನಿಂತಳು.

"ಎಣ್ಣಿ ಬಿಟ್ಟಿಯೋ ಇಲ್ಲೋ?"

"ಬಿಟ್ಟೇನವ್ವಾ. ಹ್ವಾದ ವಾರ."

"ಎರಡೂ ಕಡೆ?"

"ಎರಡೂ ಕಡೆ."

ಹತ್ತಿ ಕೂತಳು. ಚೋಕ್ ಎಳೆದು ಎರಡನೇ ಸಲಕ್ಕೆ ಸ್ಟಾರ್ಟ್ ಆಯ್ತು. ಮೋಡ್ಕಾದವನು ಗೇಟು ತೆಗೆದ. ಕೆರೆ ಹತ್ತಿರ ಬಂದಾಗ ನಾನು ಗೇರ್ ಇಳಿಸಿದೆ, ಅವ್ವ ಏನೂ ಮಾತಾಡದೆ ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡಳು. ಬಲಕ್ಕೆ ತಿರುಗಿದೆವು. ಸ್ವಲ್ಪ ಮುಂದೆ ಹೋದಮೇಲೆ ಕೈ ತೆಗೆದು, "ಬಂದಿದ್ದ ಬಂದೇವಿ, ಪೇಡೆ ತಗೊಂಡ ಹೋಗೂಣು" ಅಂದಳು.

ತಮ್ಮನಿಗೆ ಇನ್ನೂ ಫೋನ್ ಮಾಡಿಲ್ಲ. ಶೆಡ್ಡಿನ ವಿಷಯ ಹಾಗೇ ಇದೆ. ಈ ಸಲ ದೀಪಾವಳಿಗೆ ಅವನೇ ಬರ್ತಾನಂತೆ.