ಮಳೆ ಲೆಕ್ಕ

ಮುಂಗಾರಿನ ದಿನಗಳಲ್ಲಿ ರಟ್ಟೀಹಳ್ಳಿಯಲ್ಲಿ ಯಾವ ಮಾತು ಎತ್ತಿದರೂ ಕೊನೆಗೆ ಮಳೆಗೇ ಬಂದು ನಿಲ್ಲುತ್ತದೆ. ಕುಮುದ್ವತಿ ಎಷ್ಟು ತುಂಬಿತು, ಗೋವಿನಜೋಳಕ್ಕೆ ಇಷ್ಟು ಸಾಕೇ, ಹತ್ತಿಗೆ ಹೆಚ್ಚಾಯಿತೇ? ಹೀಗಾಗಿ, ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಸುವುದು ಹೇಗೆಂದು ಸಂಶೋಧನೆ ಮಾಡುವ ವಿದ್ವಾಂಸರಲ್ಲೂ ಒಂದು ಮಳೆ ಲೆಕ್ಕ ಪ್ರಸಿದ್ಧವಾಗಿದೆ ಎಂದು ಓದಿದಾಗ ನನಗೆ ಅದು ನಮ್ಮ ಕಡೆಯದೇ ಅನ್ನಿಸಿಬಿಟ್ಟಿತು.

1980ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಎಲಿಯಟ್ ಸೊಲೊವೇ ಮತ್ತು ಸಂಗಡಿಗರು ಇದನ್ನು ವಿದ್ಯಾರ್ಥಿಗಳ ಮುಂದಿಟ್ಟರು. ಒಂದಾದ ಮೇಲೊಂದು ಮಳೆಯ ಅಂಕಿ ಬರುತ್ತದೆ, 99999 ಬಂದ ಕೂಡಲೇ ನಿಲ್ಲಿಸಬೇಕು, ಅಲ್ಲಿಯವರೆಗಿನ ಸರಾಸರಿ ಹೇಳುವ ಪ್ರೋಗ್ರಾಮ್ ಬರೆಯಬೇಕು. ಇಷ್ಟೇ. ಬಹಳ ಮಂದಿ ತಪ್ಪಿದರು. ಅವರಿಗೆ ಕೂಡಿಸಲು ಬರುತ್ತಿತ್ತು, ಎಣಿಸಲು ಬರುತ್ತಿತ್ತು. ಈ ಬಿಡಿ ಬಿಡಿ ಕೆಲಸಗಳನ್ನು ಒಂದರೊಳಗೊಂದು ಹೊಂದಿಸುವಲ್ಲಿ ಎಡವಿದರು. ನಿಲ್ಲಿಸು ಎಂಬ ಗುರುತಾದ 99999 ಅನ್ನೇ ಮಳೆಯೆಂದು ಕೂಡಿಸಿಬಿಡುವುದು ಅಂಥ ಒಂದು ತಪ್ಪು. ಒಂದು ಅಂಕಿಯೂ ಬಾರದಿದ್ದರೆ ಸೊನ್ನೆಯಿಂದ ಭಾಗಿಸಲು ಹೋಗುವುದು ಇನ್ನೊಂದು.

ಇಲ್ಲಿ ಒಂದು ಸೂಕ್ಷ್ಮವಿದೆ. ಮಳೆ ಸೊನ್ನೆಯಾದ ದಿನ ಬೇರೆ, ಅಳತೆಯೇ ಇಲ್ಲದ ದಿನ ಬೇರೆ. ಹನಿ ಬೀಳದ ದಿನವನ್ನೂ ಎಣಿಕೆಗೆ ಹಿಡಿಯದಿದ್ದರೆ ಸರಾಸರಿ ಸುಳ್ಳಾಗುತ್ತದೆ. ಬರ ಕಂಡ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

2001ರಲ್ಲಿ ಮೆಕ್‌ಕ್ರ್ಯಾಕೆನ್ ಎಂಬವರ ತಂಡ ಹಲವು ದೇಶಗಳ ವಿದ್ಯಾರ್ಥಿಗಳಿಗೆ ಪ್ರೋಗ್ರಾಮ್ ಬರೆಯಲು ಕೊಟ್ಟಿತು. 110 ಅಂಕಕ್ಕೆ ಸಿಕ್ಕ ಸರಾಸರಿ 23ಕ್ಕೂ ಕಡಿಮೆ! 2004ರಲ್ಲಿ ರೇಮಂಡ್ ಲಿಸ್ಟರ್ ತಂಡ ಇನ್ನೂ ಬುಡಕ್ಕೆ ಹೋಯಿತು. ಬರೆಯುವುದಿರಲಿ, ಬರೆದಿಟ್ಟ ನಾಲ್ಕು ಸಾಲನ್ನು ಕೈಯಲ್ಲಿ ಪೆನ್ಸಿಲ್ ಹಿಡಿದು ಹೆಜ್ಜೆ ಹೆಜ್ಜೆಯಾಗಿ ನಡೆಸಿ, ಕೊನೆಗೆ ಯಾವ ಉತ್ತರ ಬರುತ್ತದೆಂದು ಹೇಳುವುದೂ ಅನೇಕರಿಗೆ ಕಷ್ಟವಾಗಿತ್ತು.

ನಾನು ಈ ಮಾತಿಗೆ ಜೋತುಬಿದ್ದಿದ್ದೇನೆ. ಏಕೆಂದರೆ ಆ ಪೆನ್ಸಿಲ್ ಕೆಲಸಕ್ಕೆ ಇಂಗ್ಲಿಷೂ ಬೇಡ, ಯಂತ್ರವೂ ಬೇಡ. ಮತದಾರರ ಪಟ್ಟಿ ಅಕಾರಾದಿಯಲ್ಲಿದೆ, ಅದರಲ್ಲಿ ಒಂದು ಹೆಸರು ಹುಡುಕಬೇಕು ಎನ್ನಿ. ನಡುವಿನ ಹೆಸರು ನೋಡು; ಬೇಕಾದದ್ದು ಅದಕ್ಕಿಂತ ಮುಂಚೆ ಬರುವುದಾದರೆ ಕೆಳಗಿನ ಅರ್ಧ ಬಿಡು, ಆಮೇಲೆ ಬರುವುದಾದರೆ ಮೇಲಿನ ಅರ್ಧ ಬಿಡು; ಉಳಿದುದರಲ್ಲಿ ಮತ್ತೆ ಹಾಗೇ ಮಾಡು. ಸಾವಿರ ಹೆಸರಿಗೆ ಹೆಚ್ಚೆಂದರೆ ಹತ್ತು ಸಲ ನೋಡಿದರೆ ಸಾಕು, ಹತ್ತು ಲಕ್ಷಕ್ಕೆ ಇಪ್ಪತ್ತು. ಎಂಟನೆಯ ತರಗತಿಯ ಹುಡುಗಿ ಇದನ್ನು ಕನ್ನಡದಲ್ಲೇ ಮಾಡಿ ಬೆರಗಾಗಬಲ್ಲಳು.

ಕನ್ನಡಕ್ಕೆ ಇದು ಹೊಸತೂ ಅಲ್ಲ. 12ನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ ಬರೆದ. ತ್ರೈರಾಶಿಯಂಥ ಲೆಕ್ಕದ ವಿಧಿಗಳನ್ನು ಕನ್ನಡದಲ್ಲೇ ಕಲಿಸಬಹುದೆಂದು ಆಗಲೇ ತೋರಿಸಿಕೊಟ್ಟ. ನಮ್ಮ ಜಿಲ್ಲೆಯ ಮಾತಿಗೇ ಬಂದರೆ, 1950ರಲ್ಲಿ ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಮೂರ್ತಿಯವರು ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದರು. ಕಾಲೇಜಿನಲ್ಲಿ ಅದನ್ನೇ ಕಲಿಸಿದರು, ಶಾಲಾ ಮಕ್ಕಳಿಗಾಗಿ ಕಂಪ್ಯೂಟರ್ ಕುರಿತು ಕನ್ನಡದಲ್ಲಿ ಪುಸ್ತಕವನ್ನೂ ಬರೆದರು. ಅವರ ಕತೆ ಕಾದಂಬರಿಗಳ ಮಾತು ಬಂದಷ್ಟು ಈ ಕೆಲಸದ ಮಾತು ಬರುವುದಿಲ್ಲ. ಬರಬೇಕಿತ್ತು. ಐಐಟಿ ಕಾನ್ಪುರದಲ್ಲಿ ದೇಶದ ಮೊದಲ ಕಂಪ್ಯೂಟರ್ ವಿಜ್ಞಾನದ ಪಾಠಗಳನ್ನು ರೂಪಿಸಿ ಆಮೇಲೆ ಅದೇ ಬೆಂಗಳೂರಿನ ಸಂಸ್ಥೆಗೆ ಬಂದ ಪ್ರೊ. ವಿ. ರಾಜಾರಾಮನ್ ಕೂಡ ಸಂಶೋಧನೆಯ ಜೊತೆಜೊತೆಗೇ ವಿದ್ಯಾರ್ಥಿಗಳ ಕೈಗೆಟುಕುವ ಬೆಲೆಯ ಪಠ್ಯಗಳನ್ನು ಬರೆದವರು. ಕಲಿಸುವುದನ್ನು ಎರಡನೆಯ ದರ್ಜೆಯ ಕೆಲಸವೆಂದು ಅವರು ಎಣಿಸಲಿಲ್ಲ.

ನಮ್ಮ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿ, ಕಾಲೇಜಿಗೆ ಕಾಲಿಟ್ಟ ದಿನವೇ ಇಂಗ್ಲಿಷ್ ಪಾಠ, ಇಂಗ್ಲಿಷ್ ಆಜ್ಞೆ, ಇಂಗ್ಲಿಷ್ ತಪ್ಪು-ಸೂಚನೆ ಮೂರನ್ನೂ ಒಟ್ಟಿಗೆ ಹೊರುತ್ತಾರೆ. ತಲೆ ಕೆಲಸ ಮಾಡುವುದಿಲ್ಲ ಎಂದು ತಮ್ಮನ್ನೇ ಹಳಿದುಕೊಂಡು ವಿಷಯ ಬಿಡುತ್ತಾರೆ. ಇದು ನನಗೆ ಸಂಕಟದ ಸಂಗತಿ.

ರಟ್ಟೀಹಳ್ಳಿ ಸೀಮೆಯ ಗಣಿತದ ಮಾಸ್ತರರೇ, ಬಾಯಿಯವರೇ, ಒಂದು ಕೇಳಿಕೆ. ಬರುವ ಜೂನ್‌ನಿಂದ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇಡಿಸಿ. ದಿನದ ಅಂಕಿ ಮಕ್ಕಳೇ ಬರೆಯಲಿ. ಆ ಅಂಕಿಗಳಿಂದ ಸರಾಸರಿ ತೆಗೆಯುವ ವಿಧಾನವನ್ನು ಹೆಜ್ಜೆ ಹೆಜ್ಜೆಯಾಗಿ ಕನ್ನಡದಲ್ಲಿ ಬರೆಸಿ, ಪಕ್ಕದ ಹುಡುಗನ ಕೈಯಲ್ಲಿ ಅದರಂತೆಯೇ ಮಾಡಿಸಿ ನೋಡಿ. ಕಂಪ್ಯೂಟರ್ ಆಮೇಲೆ ಬರಲಿ.