ಅಲೀಪುರದ ದಾರಿ, ಸೈಕಲ್ಲಿನ ಸ್ಪ್ರಿಂಗು

ಬೆಂಗಳೂರಿನಿಂದ ದೊಡ್ಡಬಳ್ಳಾಪುರ ದಾಟಿ ಹಿಂದೂಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಗೌರಿಬಿದನೂರು ಬರುವ ಮೊದಲೇ ತೊಂಡೇಬಾವಿ ಸಿಗುತ್ತದೆ. ರೈಲಿನಲ್ಲಿ ಬಂದವರೂ ಅಲೀಪುರಕ್ಕೆ ಇಳಿಯುವುದು ಇಲ್ಲಿಯೇ. ಸುತ್ತಲೂ ಬಂಡೆಗುಡ್ಡಗಳು, ನಡುವೆ ರಾಗಿ, ಮುಸುಕಿನ ಜೋಳದ ಹೊಲಗಳು. ಅಲೀಪುರ ಶಿಯಾ ಮುಸಲ್ಮಾನರು ಹೆಚ್ಚಾಗಿರುವ ಊರು. ಮೊಹರಂ ಆಚರಣೆಗೂ ಹರಳಿನ ಕಸುಬಿಗೂ ಹೆಸರಾದದ್ದು. ಒಂದು ಕೂದಲೆಳೆ ಹೆಚ್ಚು ಉಜ್ಜಿದರೂ ಹರಳು ಕೆಡುತ್ತದೆಂದು ಬಲ್ಲ ಜನ ಇವರು. ಅಳತೆಯ ಮಹತ್ವವನ್ನು ಇವರಿಗೆ ಮೇಷ್ಟ್ರು ಹೇಳಿಕೊಡಬೇಕಾಗಿಲ್ಲ.

ಆದರೆ ಮಕ್ಕಳಿಗೆ ಸೈಕಲ್ ಕೊಳ್ಳುವಾಗ ಈ ಅಳತೆ ಮರೆತುಹೋಗುತ್ತದೆ. ಇದು ಅಲೀಪುರದ ಮಾತಷ್ಟೇ ಅಲ್ಲ, ನಮ್ಮ ಜಿಲ್ಲೆಯ ಎಲ್ಲ ಊರುಗಳದ್ದೂ ಹೌದು. ‘ಬೆಳೆಯುವ ಹುಡುಗ, ಇನ್ನೆರಡು ವರ್ಷಕ್ಕೆ ಸರಿಹೋಗುತ್ತೆ’ ಎಂದು ದೊಡ್ಡ ಸೈಕಲ್ ಕೊಡಿಸುತ್ತಾರೆ. ಆ ಎರಡು ವರ್ಷ ಹುಡುಗ ನೆಲಕ್ಕೆ ಕಾಲು ಎಟುಕದೆ, ಲಾರಿ ಹಿಂದಿನಿಂದ ಹಾರನ್ ಹೊಡೆದಾಗ ಇಳಿಯಲಾಗದೆ ಒದ್ದಾಡುತ್ತಾನೆ. ಸೀಟಿನ ಮೇಲೆ ಕುಳಿತಾಗ ಎರಡೂ ಪಾದಗಳ ಮುಂಭಾಗ ನೆಲಕ್ಕೆ ತಾಗಬೇಕು. ತಾಗದಿದ್ದರೆ ಸೈಕಲ್ ಎಷ್ಟೇ ಚೆಂದವಿರಲಿ, ಅದು ಆ ಮಗುವಿನದಲ್ಲ.

2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ ಹಳ್ಳಿಯ ರಸ್ತೆಗಳ ನೋಟವೇ ಬದಲಾಯಿತು. ಅವು ಸ್ಪ್ರಿಂಗಿಲ್ಲದ ಸಾದಾ ಸೈಕಲ್ಲುಗಳು. ಈಗ ಅಂಗಡಿಗೆ ಹೋದ ಹುಡುಗರು ಮೊದಲು ನೋಡುವುದು ಮುಂದಿನ ಫೋರ್ಕಿನಲ್ಲಿ ಸಸ್ಪೆನ್ಷನ್ ಇದೆಯೇ ಎಂದು. ಗುಂಡಿಗಳ ಮೇಲೆ ಹಾರಿಸಿಕೊಂಡು ಹೋಗಬಹುದೆಂಬ ಆಸೆ. ಸಸ್ಪೆನ್ಷನ್ನಿನ ಮುಖ್ಯ ಕೆಲಸ ಸುಖ ಕೊಡುವುದಲ್ಲ, ಚಕ್ರವನ್ನು ನೆಲಕ್ಕೆ ಅಂಟಿಸಿ ಇಡುವುದು. ನೆಲ ಬಿಟ್ಟ ಚಕ್ರ ತಿರುಗಿಸಿದರೆ ತಿರುಗದು, ಬ್ರೇಕ್ ಹಿಡಿದರೆ ನಿಲ್ಲದು.

ಇದನ್ನು ತಿಳಿಯಲು ಬೇಕಾದ ಉದಾಹರಣೆ ನಮ್ಮ ತಾಲ್ಲೂಕಿನಲ್ಲೇ ಇದೆ. ಗೌರಿಬಿದನೂರಿನ ಭೂಕಂಪ ಮಾಪನ ಕೇಂದ್ರ ಶುರುವಾದದ್ದು 1965ರಲ್ಲಿ. ಭಾಭಾ ಅಣು ಸಂಶೋಧನಾ ಕೇಂದ್ರ ನಡೆಸುವ ಇದರಲ್ಲಿ ಭೂಕಂಪಮಾಪಕಗಳನ್ನು ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದಲ್ಲಿ ನೆಟ್ಟಿದ್ದಾರೆ. ದೂರದೇಶಗಳ ಭೂಕಂಪಗಳನ್ನೂ ನೆಲದೊಳಗಿನ ಅಣುಸ್ಫೋಟಗಳನ್ನೂ ಇವು ಗ್ರಹಿಸುತ್ತವೆ. ಇಲ್ಲಿನ ಪುರಾತನ ಗಟ್ಟಿಬಂಡೆಯ ನೆಲ ಅದಕ್ಕೆ ಅನುಕೂಲ. ಇಂಥ ಮಾಪಕದ ಮೂಲತತ್ವ ಬಲು ಸರಳ: ಸ್ಪ್ರಿಂಗಿಗೆ ಒಂದು ತೂಕ. ನೆಲ ಅಲುಗಿದಾಗ ಪೆಟ್ಟಿಗೆ ಅಲುಗುತ್ತದೆ, ತೂಕ ಜಡತ್ವದಿಂದ ಇದ್ದಲ್ಲೇ ಇರಲು ನೋಡುತ್ತದೆ. ಆದರೆ ಸ್ಪ್ರಿಂಗ್ ಒಂದೇ ಇದ್ದರೆ ತೂಕ ಓಲಾಡುತ್ತಲೇ ಇದ್ದು, ಮುಂದಿನ ಕಂಪನದ ಗುರುತನ್ನು ಕೆಡಿಸಿಬಿಡುತ್ತದೆ. ಆದ್ದರಿಂದ ಓಲಾಟ ತಣಿಸುವ ಏರ್ಪಾಡು ಬೇಕೇ ಬೇಕು.

ಸೈಕಲ್ಲಿನಲ್ಲೂ ಅಷ್ಟೇ. ಸ್ಪ್ರಿಂಗ್ ಕುಗ್ಗುತ್ತದೆ; ಅದು ಪುಟಿದೇಳುವ ವೇಗವನ್ನು ಹಿಡಿದಿಡಲು ಎಣ್ಣೆಯೋ ಬೇರೆ ತಡೆಯೋ ಇರಬೇಕು. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಜೋರಾಗಿ ಅದುಮಿ ಬಿಡಿ. ಒಮ್ಮೆ ಮೇಲೆದ್ದು ನಿಂತರೆ ಸರಿ. ರಬ್ಬರ್ ಚೆಂಡಿನಂತೆ ಎರಡು ಮೂರು ಸಲ ಕುಣಿದರೆ ಆ ಫೋರ್ಕಿನಲ್ಲಿ ತಣಿಸುವ ಏರ್ಪಾಡು ಇಲ್ಲವೆಂದೇ ತಿಳಿಯಬೇಕು. ಅಗ್ಗದ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಂಥದಕ್ಕೆ ಹೆಚ್ಚು ಹಣ ಕೊಡುವುದಕ್ಕಿಂತ ಒಳ್ಳೆಯ ಟೈರು, ಒಳ್ಳೆಯ ಬ್ರೇಕ್ ಇರುವ ಸಾದಾ ಸೈಕಲ್ಲೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಇರುವ ಸಸ್ಪೆನ್ಷನ್ನನ್ನು ಸವಾರನ ತೂಕಕ್ಕೆ ಹೊಂದಿಸಲು ಒಂದು ರಬ್ಬರ್ ಬ್ಯಾಂಡ್, ಒಂದು ಸ್ಕೇಲು ಸಾಕು. ಫೋರ್ಕಿನ ಹೊಳೆಯುವ ಒಳಕೊಳವೆಗೆ ಬ್ಯಾಂಡ್ ಸುತ್ತಿ, ಕೆಳಗಿನ ರಬ್ಬರ್ ಸೀಲಿಗೆ ತಾಗುವಂತೆ ಇಳಿಸಿ. ಯಾರಾದರೂ ಸೈಕಲ್ ಹಿಡಿದುಕೊಳ್ಳಲಿ. ಮಗು ಶಾಲೆಯ ಬ್ಯಾಗ್ ಹೆಗಲಿಗೇರಿಸಿಕೊಂಡು ಮೆಲ್ಲಗೆ ಹತ್ತಿ ಕುಳಿತು, ಮೆಲ್ಲಗೆ ಇಳಿಯಲಿ. ಈಗ ಸೀಲಿಗೂ ಬ್ಯಾಂಡಿಗೂ ನಡುವಿನ ಅಂತರ ಅಳೆಯಿರಿ. ಫೋರ್ಕ್ ಒಟ್ಟು ಕುಗ್ಗಬಲ್ಲ ಉದ್ದದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ ಇದ್ದರೆ ಹದ ಸರಿಯಿದೆ. 60 ಮಿಲಿಮೀಟರ್ ಕುಗ್ಗುವ ಫೋರ್ಕಿಗೆ 12ರಿಂದ 15 ಮಿಲಿಮೀಟರ್. ಹೆಚ್ಚು ಕುಗ್ಗಿದ್ದರೆ ಮೇಲಿನ ತಿರುಪನ್ನು ಕೂಡುವ ಗುರುತಿನ ಕಡೆಗೆ ತಿರುಗಿಸಬೇಕು, ಕಡಿಮೆಯಾಗಿದ್ದರೆ ಕಳೆಯುವ ಗುರುತಿನ ಕಡೆಗೆ. ಪೂರ್ತಿ ಸಡಿಲಿಸಿದರೂ ಕುಗ್ಗದಿದ್ದರೆ ಆ ಸ್ಪ್ರಿಂಗು ದೊಡ್ಡವರದು. ಹಗುರ ಮಕ್ಕಳ ಸೈಕಲ್ಲುಗಳಲ್ಲಿ ಇದೇ ತೊಂದರೆ ಹೆಚ್ಚು. ಇನ್ನು ಕೆಲವು ಫೋರ್ಕುಗಳಲ್ಲಿ ಲಾಕ್ ಇರುತ್ತದೆ. ನುಣುಪಾದ ಟಾರು ರಸ್ತೆಯಲ್ಲಿ ಹಾಕಿಕೊಂಡರೆ ತುಳಿತದ ಶಕ್ತಿ ಪೋಲಾಗದು, ಮಣ್ಣಿನ ದಾರಿಗೆ ಇಳಿಯುವ ಮೊದಲು ತೆಗೆಯಬೇಕು. ಟೈರಿನ ಗಾಳಿ ಟೈರಿನ ಮಗ್ಗುಲಲ್ಲಿ ಅಚ್ಚಾದ ಮಿತಿಯೊಳಗೇ ಇರಲಿ. ಕಲ್ಲಿನಂತೆ ಗಟ್ಟಿ ಗಾಳಿ ಹೊಡೆಸಿದರೆ ಯಾವ ಸ್ಪ್ರಿಂಗೂ ಪೂರ್ತಿ ಕಾಪಾಡದು.

ಎಲ್ಲಕ್ಕಿಂತ ಒಳ್ಳೆಯ ಸಸ್ಪೆನ್ಷನ್ ಸವಾರನ ಮೊಣಕಾಲು, ಮೊಣಕೈಗಳೇ. ಹಂಪ್ ಬಂದಾಗ ಮೊದಲೇ ವೇಗ ಇಳಿಸಿ, ಪೆಡಲ್ ಸಮವಾಗಿಟ್ಟು, ಸೀಟಿನಿಂದ ತುಸು ಎದ್ದರೆ ಸೈಕಲ್ ಕೆಳಗೆ ಕುಣಿದು ಹೋಗುತ್ತದೆ, ಮೈ ಕುಣಿಯುವುದಿಲ್ಲ. ಬ್ರೇಕ್ ಹಿಡಿದುಕೊಂಡೇ ಹಂಪ್ ಹತ್ತಬಾರದು. ಆಗ ಭಾರವೆಲ್ಲ ಮುಂದಕ್ಕೆ ಬಂದು ಫೋರ್ಕ್ ಮೊದಲೇ ಕುಗ್ಗಿರುತ್ತದೆ.

ಹೆದ್ದಾರಿಯಲ್ಲಿ ಮಾತ್ರ ಸ್ಪ್ರಿಂಗಿನ ಆಟ ನಡೆಯದು. ತೊಂಡೇಬಾವಿಯಲ್ಲಿ ಸಿಮೆಂಟ್ ಕಾರ್ಖಾನೆಯಿದೆ, ಲಾರಿಗಳ ಓಡಾಟವಿದೆ. ಗಂಟೆಗೆ 60 ಕಿಲೋಮೀಟರಿನಲ್ಲಿ ಬರುವ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ, 15 ಕಿಲೋಮೀಟರಿನ ಸೈಕಲ್ 4 ಮೀಟರ್. ಮಾತಾಡಿಕೊಂಡು ಮೂವರು ಸಾಲಾಗಿ ಹೋಗುತ್ತಿದ್ದವರು ಒಂಟಿಸಾಲಿಗೆ ಬರಲು ಮೂರು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಲಾರಿ 50 ಮೀಟರ್ ಬಂದಿರುತ್ತದೆ. ಎಡಬದಿಯಲ್ಲೇ ಹೋಗಬೇಕು, ಆದರೆ ಟಾರಿನ ಅಂಚಿಗೆ ಅಂಟಿಕೊಂಡಲ್ಲ, ಎರಡಡಿ ಒಳಗೆ. ಅಂಚು ಕುಸಿದ ಕಡೆ ಚಕ್ರ ಮಣ್ಣಿಗೆ ಜಾರಿದರೆ ಓಡುತ್ತಲೇ ಮೇಲೆ ಹತ್ತಿಸಲು ಹೋಗಬಾರದು. ಅಂಚು ಚಕ್ರವನ್ನು ಹಿಡಿದು ಸವಾರನನ್ನು ರಸ್ತೆಯ ನಡುವಿಗೇ ಕೆಡವುತ್ತದೆ. ನಿಂತು, ಇಳಿದು, ಎತ್ತಿಡಬೇಕು.

ಸುಗ್ಗಿಯಲ್ಲಿ ಇನ್ನೊಂದು ಕಾಟ. ರಾಗಿ, ಹುರುಳಿಯನ್ನು ರಸ್ತೆಗೇ ಹರಡಿ ವಾಹನಗಳಿಂದ ಒಕ್ಕಣೆ ಮಾಡಿಸುವುದು ನಮ್ಮ ಸೀಮೆಯ ಹಳೆಯ ಅಭ್ಯಾಸ. ಹುಲ್ಲಿನ ಮೇಲೆ ಟೈರು ಜಾರುತ್ತದೆ, ಚೈನಿಗೂ ಹುಲ್ಲು ಸುತ್ತಿಕೊಳ್ಳುತ್ತದೆ. ಅಲ್ಲಿ ಇಳಿದು ತಳ್ಳಿಕೊಂಡು ಹೋಗುವುದೇ ಸರಿ. ಬ್ಯಾಗನ್ನು ಹ್ಯಾಂಡಲಿಗೆ ನೇತುಹಾಕುವುದು ಬೇಡ, ದುಪಟ್ಟಾದ ತುದಿ ಸೊಂಟಕ್ಕೆ ಕಟ್ಟಿರಲಿ. ಚಳಿಗಾಲದಲ್ಲಿ ಟ್ಯೂಷನ್ ಮುಗಿಸಿ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಹಿಂದಿನ ಮಡ್‌ಗಾರ್ಡಿನ ಕೆಂಪು ರಿಫ್ಲೆಕ್ಟರ್ ಮೇಲೆ ಕೂತ ಧೂಳನ್ನು ಮನೆ ಬಿಡುವ ಮುಂಚೆ ಬಟ್ಟೆಯಿಂದ ಒರೆಸಿಕೊಂಡೇ ಹೊರಡಬೇಕು.