ಜ್ಯಾಗರಿ ಅಂದ್ರೆ ಏನು?

ಕಳೆದ ತಿಂಗಳು ಬೆಂಗಳೂರಿನ ನಮ್ಮ ಆಫೀಸಿಗೆ ಗೋಕಾಕ ಕರದಂಟು ಒಯ್ದಿದ್ದೆ. ಲಂಡನ್ನಿನಿಂದ ಬಂದಿದ್ದ ನಮ್ಮ ಟೀಮಿನ ಹುಡುಗಿ ಒಂದು ತುಂಡು ಬಾಯಿಗಿಟ್ಟು, ಇದರಲ್ಲಿ ಏನೇನಿದೆ ಅಂತ ಕೇಳಿದಳು. ಹೆಸರಲ್ಲೇ ಅರ್ಧ ರೆಸಿಪಿ ಇದೆ ಅಂದೆ: ತುಪ್ಪದಲ್ಲಿ ಕರಿದ ಅಂಟು. ಜೊತೆಗೆ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಆಮೇಲೆ ಜ್ಯಾಗರಿ.

'ಜ್ಯಾಗರಿ ಅಂದ್ರೆ?'

'ಒಂಥರಾ ಶುಗರ್' ಅಂದುಬಿಟ್ಟೆ.

ಹಾಗಂದದ್ದು ದಿನವಿಡೀ ಚುಚ್ಚಿತು. ಮೂಡಲಗಿ ಹತ್ತಿರ ನಮ್ಮ ಹೊಲದಲ್ಲಿ ಬೆಲ್ಲದ ಗಾಣ ಇದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಡ್ಯಾಮಿನ ನೀರು ಕಾಲುವೆಯಲ್ಲಿ ಬಂದು ಕಬ್ಬಾಗಿ, ಕಬ್ಬು ನಮ್ಮ ಕೊಪ್ಪರಿಗೆಯಲ್ಲಿ ಬೆಲ್ಲವಾಗಿ, ಬೆಲ್ಲ ಗೋಕಾಕದಲ್ಲಿ ಕರದಂಟಾಗೋದನ್ನ ನೋಡಿ ಬೆಳೆದವನು ನಾನು. ಬೆಲ್ಲವನ್ನ ಸಕ್ಕರೆ ಅಂದುಬಿಟ್ಟೆನಲ್ಲ!

ರಾತ್ರಿ ನಿಘಂಟು ತೆಗೆದೆ. ಸಂಸ್ಕೃತದ 'ಶರ್ಕರಾ' ಶಬ್ದಕ್ಕೆ ಸಣ್ಣ ಹರಳುಕಲ್ಲು ಅನ್ನೋ ಅರ್ಥವೂ ಇದೆ. ಅದು ಪರ್ಷಿಯನ್‌ನಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್ ಆಗಿ, ಫ್ರೆಂಚ್ ದಾಟಿ ಇಂಗ್ಲಿಷಿಗೆ ಶುಗರ್ ಆಗಿ ಬಂತು. ಅದೇ ಶಬ್ದ ಮಲಯಾಳಂನಲ್ಲಿ 'ಚಕ್ಕರ'. ಅದನ್ನ ಕೇಳಿಸಿಕೊಂಡ ಪೋರ್ಚುಗೀಸರ ಬಾಯಲ್ಲಿ 'ಜಾಗರ', 16ನೇ ಶತಮಾನದ ಕೊನೆಗೆ ಇಂಗ್ಲಿಷಿನಲ್ಲಿ 'ಜ್ಯಾಗರಿ'. ಕಬ್ಬಿನ ಬೆಲ್ಲಕ್ಕೂ ತಾಳೆಬೆಲ್ಲಕ್ಕೂ ಇಂಗ್ಲಿಷಿನಲ್ಲಿ ಅದೊಂದೇ ಹೆಸರು. ಅಂದರೆ ನಮ್ಮ ಸಕ್ಕರೆ, ಅವರ ಶುಗರ್, ಜ್ಯಾಗರಿ ಮೂರೂ ಒಂದೇ ಮನೆಯ ಮಕ್ಕಳು. ಬೆಲ್ಲ ಮಾತ್ರ ಬೇರೆ ಮನೆಯದು, ತಮಿಳಿನ 'ವೆಲ್ಲಂ' ಅದರ ಒಡಹುಟ್ಟು. ನಾನು ಗೊತ್ತಿಲ್ಲದೇ ಸರಿ ಉತ್ತರ ಕೊಟ್ಟಿದ್ದೆ!

ಖುಷಿಯಿಂದ ಅಪ್ಪನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಪೂರಾ ಕೇಳಿಸಿಕೊಂಡ.

'ಎರಡೂ ಒಂದ ಆದ್ರ ಚಲೋನ ಆತ ಬಿಡ. ಈ ವರ್ಷ ಗಾಣ ಚಾಲೂ ಮಾಡಂಗಿಲ್ಲ ತಮ್ಮಾ. ಆಳ ಸಿಗವಲ್ರು. ಬೆಂಕಿ ಮುಂದ ನಿಂದ್ರಾಕ ನನಗೂ ಆಗವಲ್ದು. ಕಬ್ಬ ಎಲ್ಲಾ ಫ್ಯಾಕ್ಟರಿಗೆ ಕಳಸ್ತೀನಿ.'

ಅಂದರೆ ನಮ್ಮ ಕಬ್ಬು ಇನ್ನು ಸಕ್ಕರೆಯೇ. ನನಗೆ ಮಾತೇ ಹೊರಡಲಿಲ್ಲ. ಕುದಿಯೋ ಪಾಕದ ಒಂದು ಹನಿಯನ್ನ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ, 'ಹಾಂ, ಇಳಸ್ರಿ' ಅಂತಿದ್ದ ಅಪ್ಪ. ಆ ಹದ ನನಗೆ ಬರೋದಿಲ್ಲ. ಯಾವ ನಿಘಂಟಿನಲ್ಲೂ ಅದು ಸಿಗೋದೂ ಇಲ್ಲ.

'ಜನವರಿಯಾಗ ರಜಾ ಹಾಕಿ ಬರ್ತೀನಪ್ಪಾ. ಒಂದ ಕೊಪ್ಪರಿಗಿ ಆದ್ರೂ ಮಾಡೂನು. ಹದಾ ನೋಡೂದ ಕಲಸು.'

'ಬಾ ಮೊದಲ' ಅಂದ. 'ಫೋನಿನ್ಯಾಗ ಹೇಳೂದಲ್ಲ ಅದು.'

ಮರುದಿನವೇ ರಜೆ ಹಾಕಿದೆ. ಕಾರಣ ಕೇಳಿದ್ದ ಜಾಗದಲ್ಲಿ 'ಪರ್ಸನಲ್' ಅಂತ ಬರೆದೆ. ಬೆಲ್ಲ ಅಂತ ಬರೆದಿದ್ದರೆ ಮತ್ತೆ ಅರ್ಥ ಹೇಳಬೇಕಾಗುತ್ತಿತ್ತು.